ಸಾಲಿನ ಉತಾರ

ಹಳಿಯಾಳದ ತಹಶೀಲ್ದಾರ ಕಚೇರಿಯಲ್ಲಿ ಹೊಲದ ಉತಾರ ತೆಗೆಸಿಕೊಂಡವರು ಮೊದಲು ಕಣ್ಣು ಹಾಯಿಸುವುದು ಒಂಬತ್ತನೇ ಕಲಮಿಗೆ. ಅಲ್ಲಿ ತಮ್ಮ ಹೆಸರಿದ್ದರೆ ಮುಗಿಯಿತು, ಕಾಗದ ನಾಲ್ಕು ಮಡಿಕೆಯಾಗಿ ಕಿಸೆ ಸೇರುತ್ತದೆ. ಮಗ್ಗುಲಲ್ಲೇ ಇರುವ ಹತ್ತನೇ ಕಲಮನ್ನು ಓದುವವರು ಕಡಿಮೆ: ವಕೀಲರು, ಸಾಲ ಕೊಡುವ ಬ್ಯಾಂಕಿನವರು, ಮತ್ತೆ ಅಣ್ಣತಮ್ಮಂದಿರೊಳಗೆ ಜಗಳ ಹಚ್ಚಿಕೊಂಡವರು. ‘ಸ್ವಾಧೀನತೆಯ ರೀತಿ’ ಎಂಬ ಆ ಕಲಮಿನಲ್ಲಿ ಎಂ.ಆರ್. ಎಂದು ಬರೆದು ಒಂದು ನಂಬರ್ ಕೊಟ್ಟಿರುತ್ತಾರೆ. ಒಂಬತ್ತನೇ ಕಲಮಿನ ಹೆಸರು ಅಲ್ಲಿಗೆ ಹೇಗೆ ಬಂದು ಕೂತಿತು ಎಂದು ತಿಳಿಯಬೇಕಾದರೆ ಆ ನಂಬರ್ ಹಿಡಿದು ಹೋಗಬೇಕು. ಆಗಿದ್ದು ವಾರಸಾವೋ ಖರೀದಿಯೋ ವಾಟ್ನಿಯೋ, ಯಾವ ತಾರೀಖು, ಮಂಜೂರು ಮಾಡಿದವರು ಯಾರು, ಎಲ್ಲ ಮ್ಯುಟೇಶನ್ ವಹಿಯಲ್ಲಿ ಸಿಗುತ್ತದೆ.

2000ದ ಆಸುಪಾಸಿನಲ್ಲಿ ‘ಭೂಮಿ’ ಯೋಜನೆ ಬಂದು ರಾಜ್ಯದ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿತು. ತಲಾಟಿಯ ಕೈಬರಹದ ಉತಾರಕ್ಕೆ ಬೆಲೆ ಹೋಯಿತು. ದಾಖಲೆ ತಿದ್ದುವ ಸಿಬ್ಬಂದಿ ಯಂತ್ರದ ಮೇಲೆ ಬೆರಳು ಒತ್ತಿಯೇ ಒಳಗೆ ಹೋಗಬೇಕೆಂಬ ಏರ್ಪಾಡಾಯಿತು. ಜನ ಹೊಗಳಿದ್ದು 15 ರೂಪಾಯಿಗೆ ಉತಾರ ಕೈಗೆ ಬರುತ್ತದೆ ಎಂಬುದನ್ನು. ನನಗೇನೋ ಬೆರಳೊತ್ತುವ ಏರ್ಪಾಡೇ ದೊಡ್ಡದೆನಿಸಿತು. ತಿದ್ದಿದವನ ಗುರುತು ತಿದ್ದುಪಡಿಗೆ ಅಂಟಿಕೊಂಡೇ ಉಳಿಯುತ್ತದಲ್ಲ, ಸಾಫ್ಟ್‌ವೇರ್ ಬರೆದು ಹೊಟ್ಟೆ ಹೊರೆಯುವ ನಮ್ಮಂಥವರು ದಿನವೂ ನೆಚ್ಚಿಕೊಂಡಿರುವುದು ಅಂಥದೇ ಒಂದು ಏರ್ಪಾಡನ್ನು.

ಪ್ರೋಗ್ರಾಮು ಎಂದರೆ ಕೊನೆಗೂ ಸಾಲುಗಳ ರಾಶಿ. ಸಣ್ಣ ಅಂಗಡಿಯ ಬಿಲ್ಲಿನದಕ್ಕೂ ಕೆಲವು ಸಾವಿರ ಸಾಲು ಬೇಕು, ಬ್ಯಾಂಕಿನದಕ್ಕೆ ಲಕ್ಷಗಟ್ಟಲೆ. ಇವನ್ನು ಒಬ್ಬರು ಒಂದೇ ಸಲ ಬರೆದು ಮುಗಿಸುವುದಿಲ್ಲ. ವರ್ಷಗಟ್ಟಲೆ ಹತ್ತಾರು ಜನ ಸೇರಿಸುತ್ತಾರೆ, ಅಳಿಸುತ್ತಾರೆ, ಅತ್ತಿಂದಿತ್ತ ಸರಿಸುತ್ತಾರೆ. ಪ್ರತಿಸಲ ತಿದ್ದಿದಾಗಲೂ ‘ಇಂಥವರು, ಇಂಥ ಹೊತ್ತಿಗೆ, ಇಂಥ ಕಾರಣಕ್ಕೆ ಇಷ್ಟು ಬದಲಿಸಿದರು’ ಎಂದು ಬರೆದಿಡುವ ಸಲಕರಣೆಗೆ ವರ್ಶನ್ ಕಂಟ್ರೋಲ್ ಎನ್ನುತ್ತಾರೆ. ಸದ್ಯಕ್ಕೆ ಎಲ್ಲೆಡೆ ನಡೆಯುವುದು ಗಿಟ್. ಹೀಗೆ ಬರೆದಿಟ್ಟ ಒಂದೊಂದು ಬದಲಾವಣೆಯೂ ಒಂದು ಕಮಿಟ್. ಅದಕ್ಕೊಂದು ಗುರುತಿನ ಸಂಖ್ಯೆ, ಕಾರಣ ಹೇಳುವ ಒಂದು ಸಂದೇಶ. ಫೈಲಿನ ಯಾವುದೇ ಸಾಲಿನ ಮುಂದೆ ಅದರ ಎಂ.ಆರ್. ನಂಬರ್ ತೋರಿಸು ಎಂದು ಗಿಟ್‌ಗೆ ಕೇಳಬಹುದು. ಹಾಗೆ ಕೇಳುವ ಆಜ್ಞೆಯ ಹೆಸರು ಗಿಟ್ ಬ್ಲೇಮ್. ಹೆಸರು ಇಟ್ಟವರು ದೂರು ಕೊಡುವ ಮನಸ್ಸಿನಲ್ಲಿದ್ದರೋ ಏನೋ. ಅದಕ್ಕೂ ಹಳೆಯ ಸಬ್‌ವರ್ಶನ್ ಎಂಬ ಸಲಕರಣೆಯಲ್ಲಿ ಇದೇ ಕೆಲಸಕ್ಕೆ ಬ್ಲೇಮ್ ಎಂದರೂ ನಡೆಯುತ್ತದೆ, ಪ್ರೇಜ್ ಎಂದರೂ ನಡೆಯುತ್ತದೆ.

ನಮ್ಮ ಕಡೆಯ ಒಂದು ಸಂಘದಲ್ಲಿ ಭತ್ತದ ತೂಕಕ್ಕೆ ಒಂದು ತಂತ್ರಾಂಶ ಇದೆ. ಕಾಟಾದ ಮೇಲೆ ಚೀಲ ಏರಿಸಿದರೆ ತೂಕ ತಾನೇ ಕಂಪ್ಯೂಟರಿಗೆ ಹೋಗಿ, ಚೀಲದ ತೂಕ ಕಳೆದು, ಉಳಿದದ್ದಕ್ಕೆ ಪಾವತಿ ಬರುತ್ತದೆ. ಒಂದು ಸುಗ್ಗಿಯಲ್ಲಿ ವಯಸ್ಸಾದ ರೈತರೊಬ್ಬರು ಪಾವತಿ ಹಿಡಿದು ನಿಂತೇಬಿಟ್ಟರು. “ತಮ್ಮಾ, ನಂದು ಪ್ಲಾಸ್ಟಿಕ್ ಚೀಲ. ಇದಕ್ಯಾಕ ಗೋಣಿ ತೂಕ ಹಿಡೀತೈತಿ ನಿಮ್ಮ ಮಷಿನ್ನು?” ಅವರು ತಂದದ್ದು 40 ಚೀಲ. ಚೀಲಕ್ಕೆ 600 ಗ್ರಾಮಿನಂತೆ 24 ಕಿಲೋ ಹೋಗಿತ್ತು. ಸೆಣಬಿನ ಗೋಣಿಯಾದರೆ ಅಷ್ಟು ತೂಗುವುದುಂಟು. ಪ್ಲಾಸ್ಟಿಕ್ ಚೀಲ ನೂರು ಗ್ರಾಮಿನ ಆಸುಪಾಸು. ಲೆಕ್ಕ ಹಾಕಿದರೆ ಅಜ್ಜನ 20 ಕಿಲೋ ಭತ್ತ ಗಾಳಿಗೆ ಹೋಗಿತ್ತು.

ತಂತ್ರಾಂಶ ನೋಡಿಕೊಳ್ಳುವ ಹುಡುಗ ನನಗೆ ಫೋನ್ ಹಚ್ಚಿದ. ಫೈಲ್ ತೆರೆದರೆ ನಡುವೆ ಒಂದು ಸಾಲು: ಒಟ್ಟು ತೂಕದಿಂದ ಚೀಲದ ಸಂಖ್ಯೆಯನ್ನು 0.6ರಿಂದ ಗುಣಿಸಿ ಕಳೆ. ಮೇಲೆ ಕೆಳಗೆ ವಿವರಣೆ ಏನೂ ಇಲ್ಲ, ಬರೀ ಒಂದು ಅಂಕಿ. ಗಿಟ್ ಬ್ಲೇಮ್ ಓಡಿಸಿದೆವು. ಪ್ರತಿ ಸಾಲಿನ ಎಡಕ್ಕೆ ಕಮಿಟ್ ಸಂಖ್ಯೆಯ ಮೊದಲ ಕೆಲವು ಅಕ್ಷರ, ಹೆಸರು, ತಾರೀಖು, ಗಂಟೆ, ಸಾಲಿನ ನಂಬರ್ ಒತ್ತೊತ್ತಾಗಿ ಬಂದು ನಿಂತವು. 0.6ರ ಸಾಲಿನ ಎದುರು ಇದ್ದದ್ದು ಫೋನ್ ಮಾಡಿದ ಹುಡುಗನದೇ ಹೆಸರು. ಅವನ ದನಿ ಸಣ್ಣದಾಯಿತು. “ಸರ್, ದೇವರಾಣೆ ನಾ ಬರದಿದ್ದಲ್ಲ ಇದು.”

ಅವನು ಹೇಳಿದ್ದು ನಿಜವೇ ಇತ್ತು. ಆ ಕಮಿಟ್ ತೆರೆದು ನೋಡಿದರೆ ಸಂದೇಶ ಒಂದೇ ಪದ: ಫಾರ್ಮ್ಯಾಟಿಂಗ್. ಕೆಲಸಕ್ಕೆ ಸೇರಿದ ಹೊಸದರಲ್ಲಿ ಹುಡುಗ ಅಚ್ಚುಕಟ್ಟು ಮಾಡೋಣವೆಂದು ಇಡೀ ಫೈಲಿನ ಸಾಲುಗಳ ಎಡ ಅಂಚನ್ನು ಒಂದೇ ಸಮ ಮಾಡಿದ್ದ. ಅಂಕಿ ಮುಟ್ಟಿರಲಿಲ್ಲ, ಖಾಲಿ ಜಾಗ ಮುಟ್ಟಿದ್ದ. ಗಿಟ್‌ಗೆ ಅಷ್ಟು ಸಾಕು. ಖಾಲಿ ಜಾಗ ಲೆಕ್ಕಕ್ಕಿಲ್ಲ ಎಂದು ಹೇಳುವ ಸಣ್ಣ ಡಬ್ಲ್ಯೂ ಆಯ್ಕೆ ಹಚ್ಚಿ ಮತ್ತೆ ಕೇಳಿದೆವು. ಈ ಸಲ ಬೇರೆಯವರ ಹೆಸರು ಬಂತು. ಅವರು ಒಂದು ದೊಡ್ಡ ಫೈಲನ್ನು ಎರಡಾಗಿ ಒಡೆದು ಸಾಲುಗಳನ್ನು ಹೊಸ ಫೈಲಿಗೆ ಸಾಗಿಸಿದವರು, ಅಷ್ಟೆ. ಬೇರೆ ಫೈಲಿನಿಂದ ಬಂದದ್ದಿದ್ದರೆ ಅಲ್ಲಿಗೂ ಹೋಗಿ ನೋಡು ಎನ್ನುವ ದೊಡ್ಡ ಸಿ ಆಯ್ಕೆ ಸೇರಿಸಿದಾಗ ಬೇರು ಕಂಡಿತು. ಬರೆದವರು ಎಂದೋ ಕೆಲಸ ಬಿಟ್ಟು ಪುಣೆಗೆ ಹೋದವರು. ಅವರ ಸಂದೇಶದಲ್ಲಿ ಹೀಗಿತ್ತು: ಗೋಣಿಚೀಲದ ತೂಕ ಸರಾಸರಿ 600 ಗ್ರಾಂ ಹಿಡಿಯುವುದು, ಕಮಿಟಿ ಠರಾವಿನ ಪ್ರಕಾರ. ಠರಾವಿನ ತಾರೀಖೂ ಇತ್ತು.

ಆ ಒಂದು ಸಂದೇಶದಿಂದ ಮೂರು ಸಂಗತಿ ತಿಳಿದವು. 0.6 ಎಂಬುದು ಯಾರೋ ಕದಿಯಲೆಂದು ಇಟ್ಟದ್ದಲ್ಲ. ಪ್ರೋಗ್ರಾಮರ್ ತನ್ನಷ್ಟಕ್ಕೆ ಬದಲಿಸುವಂಥದ್ದೂ ಅಲ್ಲ, ಕಮಿಟಿಯೇ ಬದಲಿಸಬೇಕು. ಪ್ಲಾಸ್ಟಿಕ್ ಚೀಲ ಬರುವುದಕ್ಕೆ ಮುಂಚಿನ ಠರಾವು ಅದು. ಕಾರ್ಯದರ್ಶಿಗಳು ವಹಿ ತೆಗೆಸಿ ಠರಾವು ಓದಿದರು, ಮುಂದಿನ ಸಭೆಯಲ್ಲಿ ಚೀಲದ ನಮೂನೆಗೆ ತಕ್ಕಂತೆ ಬೇರೆ ಬೇರೆ ತೂಕ ಹಿಡಿಯಲು ಒಪ್ಪಿಗೆಯಾಯಿತು. ಸಂದೇಶದ ಜಾಗದಲ್ಲಿ ‘ಅಪ್‌ಡೇಟ್’ ಎಂದಷ್ಟೇ ಇದ್ದಿದ್ದರೆ ನಾವು ಹೆಸರು ಹುಡುಕಿ ಪುಣೆಗೆ ಫೋನ್ ಮಾಡುತ್ತಿದ್ದೆವು. ಅವರಿಗೆ ನೆನಪಿರುತ್ತಿತ್ತೋ ಇಲ್ಲವೋ.

ಇದೆಲ್ಲ ಒಳಗೆ ಹೇಗೆ ನಡೆಯುತ್ತದೆ? ಗಿಟ್ ಯಾವ ಸಾಲಿಗೂ ಯಜಮಾನನ ಹೆಸರು ಬರೆದಿಟ್ಟುಕೊಳ್ಳುವುದಿಲ್ಲ. ಪ್ರತಿ ಕಮಿಟ್ ಆದಾಗ ಇಡೀ ಫೈಲ್ ಹೇಗಿತ್ತು ಎಂದಷ್ಟೇ ಇಟ್ಟುಕೊಳ್ಳುತ್ತದೆ. ಬ್ಲೇಮ್ ಎಂದ ಕೂಡಲೇ ಇವತ್ತಿನ ಫೈಲನ್ನು ಹಿಂದಿನ ಕಮಿಟ್‌ನ ಫೈಲಿನ ಪಕ್ಕ ಇಟ್ಟು ಹೋಲಿಸುತ್ತದೆ. ಎರಡರಲ್ಲೂ ಒಂದೇ ತೆರ ಇರುವ ಸಾಲುಗಳ ಹೊಣೆ ಹಿಂದಿನದಕ್ಕೆ ದಾಟುತ್ತದೆ. ಬೇರೆಯಾಗಿ ಕಂಡ ಸಾಲುಗಳ ಹೊಣೆ ಅಲ್ಲೇ ನಿಲ್ಲುತ್ತದೆ. ಆಮೇಲೆ ಅದಕ್ಕೂ ಹಿಂದಿನದು, ಅದಕ್ಕೂ ಹಿಂದಿನದು. ಎಲ್ಲ ಸಾಲಿಗೂ ಒಬ್ಬ ಹೊಣೆಗಾರ ಸಿಗುವವರೆಗೆ ಈ ಹಿನ್ನಡಿಗೆ ನಡೆಯುತ್ತದೆ. ಹಾಗಾಗಿ ಅದು ಕೊಡುವ ಉತ್ತರ ‘ಈ ಸಾಲನ್ನು ಇದೇ ರೂಪಕ್ಕೆ ಕೊನೆಯ ಸಲ ತಂದವರು ಯಾರು’ ಎಂಬುದಕ್ಕೆ. ‘ಇದನ್ನು ಮೊದಲು ಯೋಚಿಸಿದವರು ಯಾರು’ ಎಂಬುದು ನಾವು ಕೇಳುವ ಪ್ರಶ್ನೆ, ಅದು ಉತ್ತರಿಸುವ ಪ್ರಶ್ನೆಯಲ್ಲ. ಈ ಎರಡರ ನಡುವಿನ ಅಂತರ ತಿಳಿಯದೆ ಆಫೀಸುಗಳಲ್ಲಿ ಎಷ್ಟೋ ಹೊಸಬರು ತಮ್ಮದಲ್ಲದ ತಪ್ಪಿಗೆ ಬೈಸಿಕೊಂಡಿದ್ದಾರೆ.

ಮೊದಲ ವರ್ಶನ್ ಕಂಟ್ರೋಲ್ ಹೀಗಿರಲಿಲ್ಲ. 1972ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಮಾರ್ಕ್ ರಾಚ್‌ಕೈಂಡ್ ಕಟ್ಟಿದ ಎಸ್‌ಸಿಸಿಎಸ್‌ನಲ್ಲಿ ಇದ್ದ ಸಾಲು, ಅಳಿಸಿದ ಸಾಲು ಎಲ್ಲವೂ ಒಂದೇ ಫೈಲಿನಲ್ಲಿ ಹೆಣೆದುಕೊಂಡಿರುತ್ತಿದ್ದವು. ಯಾವ ಬದಲಾವಣೆಯಲ್ಲಿ ಬಂತು, ಯಾವುದರಲ್ಲಿ ಹೋಯಿತು ಎಂಬ ಗುರುತು ಸಾಲಿನ ಆಚೀಚೆಯೇ ಇರುತ್ತಿತ್ತು. ಮೂಲ ಕೇಳಿದರೆ ಹುಡುಕುವ ಮಾತೇ ಇಲ್ಲ, ಓದಿ ಹೇಳಿದರಾಯಿತು. ಆಮೇಲೆ 80ರ ದಶಕದಲ್ಲಿ ಆರ್‌ಸಿಎಸ್, ಸಿವಿಎಸ್, ಹೊಸ ಶತಮಾನದ ಹೊತ್ತಿಗೆ ಸಬ್‌ವರ್ಶನ್ ಬಂದವು. 2005ರ ಏಪ್ರಿಲ್‌ನಲ್ಲಿ, ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್ ಶುರುಮಾಡಿದ ಲಿನಸ್ ಟೋರ್ವಾಲ್ಡ್ಸ್ ಕೆಲವೇ ದಿನಗಳಲ್ಲಿ ಗಿಟ್ ಬರೆದಾಗ ಅವರ ತಲೆಯಲ್ಲಿದ್ದದ್ದು ಮುಖ್ಯವಾಗಿ ವೇಗ. ಸಾಲುಸಾಲಿನ ಮೂಲ ತೋರಿಸುವ ಆಜ್ಞೆ ಆಗಿನ್ನೂ ಇರಲಿಲ್ಲ. ಬ್ಲೇಮ್ ಆಜ್ಞೆ ಸೇರಿದ್ದು ಮರುವರ್ಷ.

ಮೂಲ ಹುಡುಕುವವರಿಗೆ ದೊಡ್ಡ ತೊಡಕು ನಮ್ಮ ಹುಡುಗ ಮಾಡಿದಂಥ ಅಚ್ಚುಕಟ್ಟಿನ ಕಮಿಟ್‌ಗಳು. ಈಗ ಫೈಲನ್ನು ಉಳಿಸಿದೊಡನೆ ಇಡೀ ಪ್ರೋಗ್ರಾಮಿನ ಅಂಚು ಸರಿಪಡಿಸುವ ಯಂತ್ರಗಳೇ ಇವೆ. ಒಂದು ಸಲ ಓಡಿಸಿದರೆ ಸಾವಿರ ಸಾಲಿಗೂ ಒಬ್ಬರದೇ ಹೆಸರು. ಇದಕ್ಕೊಂದು ಪರಿಹಾರ 2019ರ ಆಗಸ್ಟ್‌ನಲ್ಲಿ ಬಂದ ಗಿಟ್‌ನ 2.23ನೇ ಆವೃತ್ತಿಯಲ್ಲಿದೆ. ಅಂಥ ಕಮಿಟ್‌ಗಳ ಸಂಖ್ಯೆಯನ್ನು ಒಂದು ಫೈಲಿನಲ್ಲಿ ಪಟ್ಟಿ ಮಾಡಿ ‘ಇವುಗಳನ್ನು ದಾಟಿ ಹೋಗು’ ಎನ್ನಬಹುದು. ಸಾಲು ಅತ್ತಿತ್ತ ಸರಿದದ್ದನ್ನು ಪತ್ತೆಹಚ್ಚುವ ಆಯ್ಕೆಗಳಿಗೂ ಮಿತಿ ಉಂಟು. ಒಂದೇ ಫೈಲಿನೊಳಗೆ ಸರಿದಿದ್ದರೆ ಕಡೆಪಕ್ಷ 20 ಅಕ್ಷರ, ಬೇರೆ ಫೈಲಿನಿಂದ ಬಂದದ್ದಾದರೆ 40 ಅಕ್ಷರ ಹೊಂದಬೇಕು ಎಂಬುದು ಅದರ ಮಾಮೂಲು ಲೆಕ್ಕ. ಬರೀ ಒಂದು ಮುಚ್ಚುವ ಆವರಣ ಚಿಹ್ನೆ ಎಲ್ಲಿಂದ ಬಂತೆಂದು ಕೇಳಿದರೆ ಅದು ಕೈ ಚೆಲ್ಲುತ್ತದೆ. ನ್ಯಾಯವೇ, ಅಂಥವು ಎಲ್ಲ ಫೈಲಿನಲ್ಲೂ ನೂರಾರು.

ಅಳಿಸಿಹೋದ ಸಾಲಿಗೆ ಬ್ಲೇಮ್ ಕೆಲಸಕ್ಕೆ ಬಾರದು. ಇಲ್ಲದ ಸಾಲಿನ ಮುಂದೆ ಯಾರ ಹೆಸರು ತೋರಿಸಬೇಕು? ಅದಕ್ಕೆ ಪಿಕಾಸಿ ಎಂದೇ ಅಡ್ಡಹೆಸರಿರುವ ಇನ್ನೊಂದು ಉಪಾಯ ಇದೆ. ಗಿಟ್ ಲಾಗ್‌ಗೆ ದೊಡ್ಡ ಎಸ್ ಆಯ್ಕೆ ಕೊಟ್ಟು ಬೇಕಾದ ಪದ ಬರೆದರೆ, ಆ ಪದ ಫೈಲಿನಲ್ಲಿ ಎಷ್ಟು ಸಲ ಬರುತ್ತದೆಂಬ ಎಣಿಕೆ ಬದಲಾದ ಕಮಿಟ್‌ಗಳನ್ನಷ್ಟೇ ಅಗೆದು ಕೊಡುತ್ತದೆ. ಹುಟ್ಟಿದ್ದೂ ಸಿಗುತ್ತದೆ, ಸತ್ತದ್ದೂ ಸಿಗುತ್ತದೆ. ನನ್ನನ್ನು ಕೇಳಿದರೆ ಬ್ಲೇಮ್‌ಗಿಂತ ಇದನ್ನೇ ಮೊದಲು ಕಲಿಯಬೇಕು. ಕಲಿಸುವವರು ಏಕೋ ಇದನ್ನು ಕೊನೆಗೆ ಇಡುತ್ತಾರೆ.

ಪ್ರೋಗ್ರಾಮಿಂಗ್ ಗೊತ್ತಿಲ್ಲದವರೂ ಇದರ ರುಚಿ ನೋಡಬಹುದು. 2003ರಿಂದ ಇರುವ ಕನ್ನಡ ವಿಕಿಪೀಡಿಯದಲ್ಲಿ ದಾಂಡೇಲಿಯ ಪುಟ ತೆರೆದು ‘ಇತಿಹಾಸ’ ಎಂದಿರುವಲ್ಲಿ ಒತ್ತಿ. ಪುಟ ಹುಟ್ಟಿದ ದಿನದಿಂದ ಯಾರು ಏನು ತಿದ್ದಿದರು ಎಂಬ ಪಟ್ಟಿ ಬರುತ್ತದೆ. ಯಾವುದಾದರೂ ಎರಡು ದಿನದ ಪುಟಗಳನ್ನು ಅಕ್ಕಪಕ್ಕ ಇಟ್ಟು ನೋಡಬಹುದು.

ದಾಂಡೇಲಿ ಎಂದಾಗ ಇನ್ನೊಂದು ತೊಡಕು ನೆನಪಾಗುತ್ತದೆ. ಕೆಲ ವರ್ಷಗಳ ಹಿಂದಿನವರೆಗೆ ದಾಂಡೇಲಿ ಹಳಿಯಾಳ ತಾಲೂಕಿನಲ್ಲೇ ಇತ್ತು, ಈಗ ತಾನೇ ಒಂದು ತಾಲೂಕು. ಅಲ್ಲಿಯ ಜಮೀನಿನ ಹಳೆಯ ಕಾಗದ ಬೇಕೆಂದರೆ ಹಳಿಯಾಳದ ಹೆಸರಿನಲ್ಲಿ ಹುಡುಕಬೇಕು. ಜೋಯಿಡಾದ್ದು ಇನ್ನೂ ವಿಚಿತ್ರ. ಕಾಳಿ ನದಿಗೆ ಅಣೆಕಟ್ಟು ಕಟ್ಟಿದಾಗ ಸೂಪಾ ಊರು ನೀರಿನಡಿ ಹೋಯಿತು, ತಾಲೂಕು ಕಚೇರಿ ಜೋಯಿಡಾಕ್ಕೆ ಬಂತು. ಆದರೂ 2011ರ ಜನಗಣತಿಯಲ್ಲಿ ತಾಲೂಕಿನ ಹೆಸರು ಸೂಪಾ ಎಂದೇ ಇದೆ. ಫೈಲಿನ ಹೆಸರು ಬದಲಿಸಿದಾಗ ಗಿಟ್‌ನಲ್ಲೂ ಇಂಥದೇ ಪಜೀತಿ. ‘ಈ ಫೈಲಿಗೆ ಮುಂಚೆ ಇಂಥ ಹೆಸರಿತ್ತು’ ಎಂದು ಅದು ಎಲ್ಲೂ ಬರೆದಿಟ್ಟುಕೊಳ್ಳುವುದಿಲ್ಲ. ಒಂದು ಫೈಲ್ ಮಾಯವಾಗಿ ಅದೇ ಕಮಿಟ್‌ನಲ್ಲಿ ಇನ್ನೊಂದು ಕಾಣಿಸಿಕೊಂಡಿದ್ದರೆ, ಎರಡರ ಒಳಗಿನ ಬರಹ ಅರ್ಧಕ್ಕರ್ಧವಾದರೂ ಹೋಲುತ್ತಿದ್ದರೆ, ಅದೇ ಇದು ಎಂದು ಊಹಿಸುತ್ತದೆ. ಹೆಸರು ಬದಲಿಸುತ್ತಲೇ ಒಳಗಿನದನ್ನೂ ಮನಸೋಇಚ್ಛೆ ತಿದ್ದಿದರೆ ಊಹೆ ತಪ್ಪುತ್ತದೆ, ಹಿಂದಿನ ಚರಿತ್ರೆಯ ಎಳೆ ಅಲ್ಲಿಗೇ ಕಡಿಯುತ್ತದೆ. ಬಲ್ಲವರು ಮೊದಲು ಹೆಸರು ಬದಲಿಸಿ ಒಂದು ಕಮಿಟ್, ಆಮೇಲೆ ತಿದ್ದಿ ಇನ್ನೊಂದು ಕಮಿಟ್ ಮಾಡುತ್ತಾರೆ.

ಹಿಂದಕ್ಕೆ ಹೋಗುತ್ತ ಹೋಗುತ್ತ ಒಂದು ಕಡೆ ಗೋಡೆ ಸಿಗುತ್ತದೆ. ಬ್ಲೇಮ್‌ನ ಪಟ್ಟಿಯಲ್ಲಿ ಕೆಲವು ಕಮಿಟ್ ಸಂಖ್ಯೆಯ ಮುಂದೆ ಚಾವಣಿಯಂಥ ಒಂದು ಚಿಹ್ನೆ (^) ಇದ್ದರೆ, ‘ಇದಕ್ಕಿಂತ ಹಿಂದೆ ನನಗೆ ದಾರಿ ಇಲ್ಲ’ ಎಂದರ್ಥ. ಅಂಥದೊಂದು ದೊಡ್ಡ ಗೋಡೆ ಇರುವುದು ಲಿನಕ್ಸ್‌ನಲ್ಲೇ. ಅದರ ತಿರುಳಾದ ಕರ್ನೆಲ್ 1991ರಿಂದ ಇದೆ, ಗಿಟ್‌ಗೆ ಬಂದದ್ದು 2005ರ ಏಪ್ರಿಲ್ 16ರಂದು. ಹಳೆಯ ಚರಿತ್ರೆಯನ್ನೂ ತುಂಬಿದರೆ 3.2 ಜಿಬಿ ಆಗುತ್ತದೆ, ಈಗಲೇ ಅದರ ಗೋಜು ಬೇಡ ಎಂದು ಟೋರ್ವಾಲ್ಡ್ಸ್ 2.6.12ರ ಎರಡನೇ ಕರಡನ್ನು ಒಟ್ಟಿಗೇ ಒಂದು ಕಮಿಟ್ ಮಾಡಿಬಿಟ್ಟರು. ಇವತ್ತಿಗೂ ಕರ್ನೆಲ್‌ನ ಹಳೆಯ ಭಾಗಗಳಲ್ಲಿ ಬ್ಲೇಮ್ ಓಡಿಸಿದರೆ ಸಾಲಿಗೊಂದರಂತೆ ಅವರದೇ ಹೆಸರು, ಅದೇ ತಾರೀಖು. ಅಷ್ಟನ್ನೂ ಅವರೊಬ್ಬರೇ ಬರೆದರೆಂದು ನಂಬಿದರೆ ನೂರಾರು ಜನರ ಕೆಲಸ ಒಬ್ಬರ ಖಾತೆಗೆ ಹೋಗುತ್ತದೆ. ಆ ಮುಂಚಿನ ಚರಿತ್ರೆಯನ್ನು ಬೇರೆಯವರು ಆಮೇಲೆ ಕೂಡಿಸಿಟ್ಟಿದ್ದಾರೆ. ಬೇಕಾದವರು ಅದನ್ನು ತಂದು ತಮ್ಮ ಗಿಟ್‌ಗೆ ಬೆಸೆದುಕೊಳ್ಳಬಹುದು.

ಗಿಟ್‌ನ ಒಂದು ಗುಣ ಜೋಯಿಡಾದಲ್ಲಿ ಕೂತು ಕೆಲಸ ಮಾಡುವವರಿಗೆ ಬೇರೆಯವರಿಗಿಂತ ಚೆನ್ನಾಗಿ ಗೊತ್ತು. ಕೋವಿಡ್ ಕಾಲದಲ್ಲಿ ಆನ್‌ಲೈನ್ ಪಾಠಕ್ಕೆಂದು ಮಕ್ಕಳು ನೆಟ್‌ವರ್ಕ್ ಹುಡುಕಿ ಗುಡ್ಡ ಹತ್ತಿದ ಜಿಲ್ಲೆ ಇದು. ಕಾಡಿನ ಊರುಗಳಲ್ಲಿ ಈಗಲೂ ಸಿಗ್ನಲ್ ಬಂದರೆ ಬಂತು. ಸಬ್‌ವರ್ಶನ್‌ನಲ್ಲಿ ಒಂದು ಸಾಲಿನ ಮೂಲ ಕೇಳಬೇಕೆಂದರೂ ದೂರದ ಸರ್ವರ್ ಓಗೊಡಬೇಕು. ಗಿಟ್‌ನಲ್ಲಿ ಪ್ರಾಜೆಕ್ಟ್ ಇಳಿಸಿಕೊಂಡ ದಿನವೇ ಅದರ ಪೂರ್ತಿ ಚರಿತ್ರೆ ಲ್ಯಾಪ್‌ಟಾಪಿಗೆ ಬಂದಿರುತ್ತದೆ. ದಾಂಡೇಲಿಯಲ್ಲಿ ಒಮ್ಮೆ ಇಳಿಸಿಕೊಂಡು ಊರಿಗೆ ಹೋದರೆ, ಮಳೆಗಾಲದಲ್ಲಿ ನೆಟ್‌ವರ್ಕ್ ಸತ್ತಿದ್ದರೂ ಹತ್ತು ವರ್ಷದ ಹಿಂದಿನ ಕಮಿಟ್ ತೆರೆದು ಓದಬಹುದು. ಕರೆಂಟಿನ ಮಾತು ಬೇರೆ.

ಸಾಲಿನ ಮೂಲ ಕಳ್ಳತನವನ್ನೂ ಹಿಡಿದುಕೊಡುತ್ತದೆ. 2003ರ ನವೆಂಬರ್‌ನ ಸಂಗತಿ. ಆಗ ಲಿನಕ್ಸ್‌ನ ಮೂಲ ದಾಖಲೆ ಇದ್ದದ್ದು ಬಿಟ್‌ಕೀಪರ್ ಎಂಬ ಸಲಕರಣೆಯಲ್ಲಿ. ಅದು ಬೇಡವೆಂದವರಿಗಾಗಿ ಸಿವಿಎಸ್‌ನಲ್ಲಿ ಒಂದು ನಕಲು ಇಟ್ಟಿದ್ದರು. ಆ ನಕಲಿಗೆ ಯಾರೋ ನುಗ್ಗಿ ಎರಡು ಸಾಲು ಸೇರಿಸಿದರು. ಮೇಲ್ನೋಟಕ್ಕೆ ಅದು ‘ಬಳಕೆದಾರನ ಸಂಖ್ಯೆ ಸೊನ್ನೆಯೇ’ ಎಂದು ಪರೀಕ್ಷಿಸುವ ಸಾಲು. ಲಿನಕ್ಸ್‌ನಲ್ಲಿ ಸೊನ್ನೆ ಎಂದರೆ ಸರ್ವಾಧಿಕಾರಿ. ಸಿ ಭಾಷೆಯಲ್ಲಿ ಸಮ ಇದೆಯೇ ಎಂದು ಕೇಳಲು ಎರಡು ಸಮಚಿಹ್ನೆ ಬರೆಯಬೇಕು. ಆ ಸಾಲಿನಲ್ಲಿ ಇದ್ದದ್ದು ಒಂದೇ. ಒಂದೇ ಬರೆದರೆ ಅದು ಪ್ರಶ್ನೆಯಾಗುವುದಿಲ್ಲ, ‘ಸೊನ್ನೆ ಮಾಡಿಬಿಡು’ ಎಂಬ ಅಪ್ಪಣೆಯಾಗುತ್ತದೆ. ಗುಟ್ಟು ಗೊತ್ತಿದ್ದ ಯಾರು ಬೇಕಾದರೂ ಆ ಕಂಪ್ಯೂಟರಿನ ಯಜಮಾನರಾಗುವ ಕಳ್ಳದಾರಿ. ಸಾಲನ್ನು ಓದಿ ಕಂಡುಹಿಡಿಯುವುದು ನುರಿತವರಿಗೂ ಕಷ್ಟ. ಸಿಕ್ಕಿಬಿದ್ದದ್ದು ಬೇರೆ ಕಾರಣಕ್ಕೆ: ನಕಲಿನ ಪ್ರತಿ ಬದಲಾವಣೆಗೂ ಮೂಲದ ಒಂದು ಬದಲಾವಣೆಯ ಕೊಂಡಿ ಇರಬೇಕಿತ್ತು, ಇದಕ್ಕೆ ಇರಲಿಲ್ಲ. ಬಿಟ್‌ಕೀಪರ್‌ನ ಲ್ಯಾರಿ ಮೆಕ್‌ವಾಯ್ ಅದನ್ನು ಕಂಡು ಬಯಲಿಗೆಳೆದರು. ಉತಾರದಲ್ಲಿ ಹೆಸರಿದೆ, ಎಂ.ಆರ್. ನಂಬರ್ ಇಲ್ಲ ಎಂದರೆ ಯಾವ ತಲಾಟಿಗೂ ಅನುಮಾನ ಬರಬೇಕಲ್ಲ, ಹಾಗೆ. ಸೇರಿಸಿದವರು ಯಾರೆಂದು ಮಾತ್ರ ಇಂದಿಗೂ ಬಯಲಾಗಿಲ್ಲ.

ಅದೇ ವರ್ಷದ ಮಾರ್ಚ್‌ನಲ್ಲಿ ಎಸ್‌ಸಿಒ ಎಂಬ ಕಂಪನಿ ತನ್ನ ಯುನಿಕ್ಸ್‌ನ ಸಾಲುಗಳು ಲಿನಕ್ಸ್‌ಗೆ ಹೋಗಿವೆ ಎಂಬ ತಕರಾರಿನ ಮೇಲೆ ಐಬಿಎಂ ವಿರುದ್ಧ ದಾವೆ ಹೂಡಿತ್ತು. ಯುನಿಕ್ಸ್‌ನ ಹಕ್ಕುಸ್ವಾಮ್ಯ ಇರುವುದು ನೊವೆಲ್ ಕಂಪನಿಗೆ ಎಂದು 2010ರಲ್ಲಿ ಜ್ಯೂರಿ ಹೇಳಿತು. ಐಬಿಎಂ ದಾವೆ ಪೂರ್ತಿ ಮುಗಿಯಲು 2021 ಬರಬೇಕಾಯಿತು, 1.425 ಕೋಟಿ ಡಾಲರಿನ ರಾಜಿಯಲ್ಲಿ. ಅಷ್ಟು ದೀರ್ಘ ವ್ಯಾಜ್ಯದಿಂದ ಆದ ನಿಜವಾದ ಉಪಕಾರ 2004ರಲ್ಲೇ ಆಗಿತ್ತು. ಅಂದಿನಿಂದ ಲಿನಕ್ಸ್‌ಗೆ ಕೊಡುವ ಪ್ರತಿ ಬದಲಾವಣೆಯ ಕೆಳಗೂ ‘ಸೈನ್ಡ್ ಆಫ್ ಬೈ’ ಎಂದು ಹೆಸರು ಹಾಕಬೇಕು. ಇದು ನಾನು ಬರೆದದ್ದು ಅಥವಾ ಕೊಡುವ ಹಕ್ಕು ನನಗಿದೆ ಎಂಬ ಜಬಾಬ್ದಾರಿ ಅದು. ಕೈ ದಾಟಿಸಿದ ಪ್ರತಿಯೊಬ್ಬರ ಹೆಸರೂ ಒಂದರ ಕೆಳಗೊಂದು ಸೇರುತ್ತ ಬರುತ್ತದೆ.

ಬರೆದವರು ಒಬ್ಬರು, ಸೇರಿಸಿದವರು ಇನ್ನೊಬ್ಬರು ಆಗಿರುವುದು ಸಾಮಾನ್ಯ. ಗಿಟ್ ಈ ಇಬ್ಬರನ್ನೂ ಬೇರೆಬೇರೆಯಾಗಿ ಬರೆದಿಡುತ್ತದೆ. ಹಳೆಯ ಸಿವಿಎಸ್‌ನಲ್ಲಿ ಸೇರಿಸಿದವರಿಗೆ ಮಾತ್ರ ಜಾಗ. 2014ರ ಏಪ್ರಿಲ್‌ನಲ್ಲಿ ಜಗತ್ತಿನ ನಿದ್ದೆ ಕೆಡಿಸಿದ ಹಾರ್ಟ್‌ಬ್ಲೀಡ್ ದೋಷದ ಮೂಲ ಹುಡುಕಿದವರಿಗೆ ಇದು ಎದುರಾಯಿತು. ಜಾಲದ ಮಾತುಕತೆಗೆ ಗೂಢಲಿಪಿ ಹೊದಿಸುವ, ಆಗ ಸಿವಿಎಸ್‌ನಲ್ಲಿದ್ದ ಓಪನ್ ಎಸ್‌ಎಸ್‌ಎಲ್ ಎಂಬ ತಂತ್ರಾಂಶಕ್ಕೆ ಆ ಸಾಲುಗಳು ಬಂದದ್ದು 2011ರ ಡಿಸೆಂಬರ್ 31ರ ರಾತ್ರಿ. ದಾಖಲೆಯಲ್ಲಿ ಕರ್ತೃವಿನ ಜಾಗದಲ್ಲಿ ಇರುವುದು ಪರಿಶೀಲಿಸಿ ಸೇರಿಸಿದವರ ಹೆಸರು. ಬರೆದು ಕಳಿಸಿದ ಜರ್ಮನಿಯ ಸಂಶೋಧಕರ ಹೆಸರು ಸಂದೇಶದ ಒಳಗೆ ಮಾತ್ರ ಇದೆ. ಬರೀ ಬ್ಲೇಮ್ ನೋಡಿ ಎದ್ದುಹೋದವರಿಗೆ ಅರ್ಧ ಕಥೆಯಷ್ಟೇ ಸಿಕ್ಕಿತು. ಬಂದ ಅಳತೆಯೊಂದನ್ನು ಪರೀಕ್ಷಿಸುವುದು ಬಿಟ್ಟುಹೋಗಿತ್ತು. ಬರೆದವರ ಕಣ್ಣಿಗೂ ಬೀಳಲಿಲ್ಲ, ಪರಿಶೀಲಿಸಿದವರ ಕಣ್ಣಿಗೂ ಬೀಳಲಿಲ್ಲ.

ಈ ಎರಡು ಹೆಸರಿನ ಶಿಸ್ತು ಸಾಫ್ಟ್‌ವೇರಿನವರು ಕಂಡುಹಿಡಿದದ್ದೇನಲ್ಲ. ಮುಂಡಗೋಡದಲ್ಲಿ 1966ರಲ್ಲಿ ಶುರುವಾದ ಟಿಬೆಟನ್ ಕಾಲೊನಿಯಲ್ಲಿ ದ್ರೆಪುಂಗ್, ಗಾಂದೆನ್ ಮಠಗಳಿವೆ. ಅಲ್ಲಿ ಪೂಜೆಗೂ ಓದಿಗೂ ಇರುವ ಕಂಗ್ಯೂರ್, ತೆಂಗ್ಯೂರ್ ಗ್ರಂಥಗಳು ಬಹುಪಾಲು ಸಂಸ್ಕೃತದಿಂದ ಟಿಬೆಟನ್ನಿಗೆ ಬಂದವು. ಅನೇಕ ಗ್ರಂಥಗಳ ಕೊನೆಯಲ್ಲಿ ಭಾರತದ ಇಂಥ ಪಂಡಿತರು, ಟಿಬೆಟ್ಟಿನ ಇಂಥ ಅನುವಾದಕರು ಕೂಡಿ ಮಾಡಿದ್ದು, ಆಮೇಲೆ ಇಂಥವರು ತಿದ್ದಿ ಒಪ್ಪ ಮಾಡಿದರು ಎಂಬ ಒಕ್ಕಣೆ ಇರುತ್ತದೆ. ತಿದ್ದಿದವರು ಮೊದಲಿನವರ ಹೆಸರು ಅಳಿಸದೆ ತಮ್ಮದನ್ನು ಕೆಳಗೆ ಸೇರಿಸಿದ್ದಾರೆ. ಸಿವಿಎಸ್‌ಗಿಂತ ಸಾವಿರ ವರ್ಷ ಹಿಂದಿನ ಈ ಪದ್ಧತಿ ಅದಕ್ಕಿಂತ ಒಂದು ಕೈ ಮೇಲೇ ಇತ್ತು.

ಎಲ್ಲ ಗಿಟ್‌ನಲ್ಲಿದೆ ಎಂದು ನೆಚ್ಚಿ ಕೂತವರಿಗೆ 2024ರ ಮಾರ್ಚ್ ಕೊನೆಯಲ್ಲಿ ಪೆಟ್ಟು ಬಿತ್ತು. ಫೈಲುಗಳನ್ನು ಒತ್ತಿ ಚಿಕ್ಕದು ಮಾಡುವ ಎಕ್ಸ್‌ಝಡ್ ಎಂಬ ಪ್ರೋಗ್ರಾಮಿನಲ್ಲಿ, ದೂರದ ಸರ್ವರ್‌ಗೆ ಕಳ್ಳದಾರಿ ತೆರೆಯುವ ಕೈಚಳಕ ಸೇರಿತ್ತು. ಆಂಡ್ರೆಸ್ ಫ್ರಾಯ್ಂಡ್ ಎಂಬ ಇಂಜಿನಿಯರ್‌ಗೆ ಸರ್ವರ್‌ನಲ್ಲಿ ಲಾಗಿನ್ ಆಗಲು ಅರ್ಧ ಸೆಕೆಂಡು ಹೆಚ್ಚು ಹಿಡಿದದ್ದೇ ಅನುಮಾನಕ್ಕೆ ಕಾರಣ. ವಿಷದ ಸಾಮಗ್ರಿ ಪರೀಕ್ಷೆಯ ಫೈಲುಗಳ ವೇಷದಲ್ಲಿ ಗಿಟ್‌ನಲ್ಲೇ ಇತ್ತು. ಅದನ್ನು ಎಬ್ಬಿಸುವ ಸಾಲು ಮಾತ್ರ ಗಿಟ್‌ನಲ್ಲಿ ಇರಲಿಲ್ಲ. ಬಿಡುಗಡೆಯ ಹೊತ್ತಿಗೆ ಜನರಿಗೆ ಹಂಚಲು ಕಟ್ಟಿದ ಗಂಟಿನೊಳಗೆ ಸೇರಿಸಿದ್ದರು. ಬ್ಲೇಮ್, ಪಿಕಾಸಿ ಯಾವುದನ್ನು ಓಡಿಸಿದರೂ ಆ ಸಾಲು ಸಿಗುವಂತಿರಲಿಲ್ಲ. ಮಾಡಿದಾತ ಜಿಯಾ ತಾನ್ ಎಂಬ ಹೆಸರಿನಲ್ಲಿ 2021ರಿಂದ ಒಳ್ಳೆಯ ಕೆಲಸ ಮಾಡುತ್ತ ನಂಬಿಕೆ ಗಳಿಸಿದ್ದ. ಗಿಟ್‌ನಲ್ಲಿ ಹೆಸರು ಎಂದರೆ ನಾವೇ ತುಂಬುವ ಖಾಲಿ ಜಾಗ. ನಾನು ಕುವೆಂಪು ಎಂದು ಬರೆದುಕೊಂಡರೂ ಅದು ಒಪ್ಪುತ್ತದೆ. ಗೂಢಲಿಪಿಯ ಸಹಿ ಹಾಕುವ ಏರ್ಪಾಡು ಇದೆ, ಹಾಕುವವರು ಕಡಿಮೆ.

ಇಂಜಿನಿಯರಿಂಗ್ ಮಕ್ಕಳ ಕೊನೆಯ ವರ್ಷದ ಪ್ರಾಜೆಕ್ಟ್ ನೋಡುವಾಗ ನಾನು ಮೊದಲು ಕೇಳುವುದು ಗಿಟ್ ಲಾಗ್. ಹಲವರದ್ದು ಒಂದೇ ಕಮಿಟ್ ಇರುತ್ತದೆ, ಸಲ್ಲಿಸುವ ಹಿಂದಿನ ರಾತ್ರಿಯದು, ಸಂದೇಶ ‘ಫೈನಲ್’. ಬ್ಲೇಮ್ ಓಡಿಸಿದರೆ ಸಾವಿರಾರು ಸಾಲಿಗೂ ಒಬ್ಬರದೇ ಹೆಸರು. ಬೇರೆಲ್ಲಿಂದಲೋ ತಂದದ್ದು ತಪ್ಪಲ್ಲ, ಎಲ್ಲಿಂದ ಎಂದು ಬರೆದರೆ ಸಾಕು. ಈಗ ಕೇಳಿದ್ದನ್ನು ಬರೆದುಕೊಡುವ ಯಂತ್ರಗಳೂ ಬಂದಿವೆ. ಕೆಲವು ಸಲಕರಣೆಗಳು ಕಮಿಟ್ ಸಂದೇಶದ ಕೆಳಗೆ ತಮ್ಮನ್ನೂ ಸಹಲೇಖಕರೆಂದು ಒಂದು ಸಾಲು ಸೇರಿಸುತ್ತವೆ. ಮಕ್ಕಳು ನಾಚಿಕೆಪಟ್ಟು ಅದನ್ನು ಅಳಿಸುತ್ತಾರೆ. ಇರಲಿ ಬಿಡಿ ಎನ್ನುತ್ತೇನೆ ನಾನು. ಮುಂದೆ ಎಂದೋ ಒಬ್ಬರು ಅದರಲ್ಲಿ 0.6ರಂಥ ಒಂದು ಅಂಕಿ ಕಂಡು ಮೂಲ ಹುಡುಕಿ ಬರುತ್ತಾರೆ. ಅದು ಯಾವ ಕಮಿಟಿಯ ಠರಾವೂ ಅಲ್ಲ, ಯಂತ್ರ ಅಂದಾಜಿಗೆ ಹಾಕಿದ್ದು ಎಂದು ತಿಳಿದರೆ ಅವರು ಯಾರಿಗೂ ಫೋನ್ ಮಾಡದೆ ಸರಿಯಾದ ಅಂಕಿ ಹಾಕಬಹುದು.